ಬೀಜದ ಊರು

ಲಕೋಟೆಯ ಬಾಯಿ ಕತ್ತರಿಸಿದ ಕೂಡಲೇ ನಮ್ಹೀಗೆ ಅಪ್ಪನ ಅಂಗಿಯ ವಾಸನೆ ಬಂತು. ಪೈನ್ ಮರದ ರಾಳದ ವಾಸನೆ ಅದು. ಸ್ವಲ್ಪ ಘಾಟು, ಸ್ವಲ್ಪ ಸಿಹಿ, ಅದರ ಹಿಂದೆಯೇ ಬೆವರು. ಅವಳು ಚಿಕ್ಕವಳಿದ್ದಾಗ ಎಲೆ ಉದುರುವ ಕಾಲದ ಎರಡು ತಿಂಗಳು ಮನೆಯ ಬಾಗಿಲಿಗೆ, ಹಾಸಿಗೆಗೆ, ಅನ್ನದ ಬಟ್ಟಲಿನ ಅಂಚಿಗೆ ಕೂಡ ಆ ವಾಸನೆ ಹತ್ತಿಕೊಂಡಿರುತ್ತಿತ್ತು. ಅಪ್ಪ ಮರ ಹತ್ತಿ ಕಾಯಿ ಉದುರಿಸುವವನು. ಸಂಜೆ ಅಮ್ಮ ಅಡುಗೆ ಎಣ್ಣೆ ಹಚ್ಚಿ ಅವನ ಅಂಗೈ ತಿಕ್ಕುತ್ತಿದ್ದಳು. ಅಂಟು ಹೋಗುತ್ತಿತ್ತು, ಕಪ್ಪು ಹೋಗುತ್ತಿರಲಿಲ್ಲ. ಅದು ಮೊದಲ ಹಿಮ ಬಿದ್ದ ಮೇಲೆ ಚರ್ಮದ ಜೊತೆಗೇ ಉದುರಬೇಕಿತ್ತು.

ಲಕೋಟೆಯ ಮೇಲೆ ಅವಳದೇ ಅಕ್ಷರ ಇತ್ತು. ಮಾದರಿ ಹದಿನೇಳು, ಸಂತೆ, ಮಾರುವವರು ಬುಲ್ಲೆ, ಬೆಳೆದ ಜಾಗ ಸೊಕ್ಸಿಲ್ ಬೆಟ್ಟ. ಸುಗ್ಗಿಯ ಚುಸೊಕ್ ಹಬ್ಬಕ್ಕೆ ಮುಂಚೆ ಸಂತೆಯ ಪೈನ್ ಬೀಜಗಳನ್ನೆಲ್ಲ ಒಂದೊಂದು ಹಿಡಿ ತಂದು ನೋಡುವುದು, ಮಾಲು ಬೆಳೆದ ಊರು ನಿಜವೇ ಎಂದು ಪರೀಕ್ಷಿಸುವ ನಮ್ಹೀಯ ಸರ್ಕಾರಿ ಕಚೇರಿಯ ವಾಡಿಕೆ. ಈ ಸಲ ಕೆಲಸ ಹಿಂದೆ ಬಿದ್ದು ಹಬ್ಬ ಕಳೆದುಹೋಗಿತ್ತು. ನಮ್ಹೀ ಬೀಜಗಳನ್ನು ಗಾಜಿನ ತಟ್ಟೆಗೆ ಸುರಿದು, ಬೆರಳಿನಿಂದ ಸಮ ಮಾಡಿ, ಯಂತ್ರದ ಬಾಯಿಗೆ ತಳ್ಳಿದಳು.

ಯಂತ್ರ ಎಂದರೆ ಅನ್ನ ಮಾಡುವ ವಿದ್ಯುತ್ ಪಾತ್ರೆಯಷ್ಟು ದೊಡ್ಡ ಪೆಟ್ಟಿಗೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಅದು ಬೀಜದ ಮೇಲೆ ಬಿಡುತ್ತದೆ. ಬೀಜದೊಳಗಿನ ನೀರು, ಎಣ್ಣೆ, ಸತ್ವ ಆ ಬೆಳಕನ್ನು ಒಂದಿಷ್ಟು ಕುಡಿದು ಒಂದಿಷ್ಟು ವಾಪಸು ಕೊಡುತ್ತವೆ. ಎಷ್ಟು ಕುಡಿಯಿತು ಎನ್ನುವುದು ಪರದೆಯ ಮೇಲೆ ಏರಿಳಿಯುವ ಗೆರೆಯಾಗಿ ಮೂಡುತ್ತದೆ. ಮರ ಒಂದೇ ಜಾತಿಯದಾದರೂ ಮಣ್ಣು ಬೇರೆ, ಚಳಿ ಬೇರೆ, ಮಳೆ ಬೇರೆ ಆದರೆ ಗೆರೆಯೂ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಈ ಜಿಲ್ಲೆಯ ಆರುನೂರು ಬೀಜಗಳ ಗೆರೆಗಳನ್ನೂ ಸಮುದ್ರದಾಚೆ ಚೀನಾದ ಕಾಡುಗಳಿಂದ ಬರುವ ಬೀಜಗಳ ಗೆರೆಗಳನ್ನೂ ನಮ್ಹೀ ಒಂಬತ್ತು ವರ್ಷದಲ್ಲಿ ಕೂಡಿಟ್ಟಿದ್ದಳು.

ಹದಿನೇಳನೆಯದರ ಗೆರೆ ಚೀನಾದ ಗುಂಪಿಗೆ ಹೋಗಿ ಕೂತಿತು. ಅವಳು ತಟ್ಟೆ ಒರೆಸಿ ಬೇರೆ ಬೀಜ ಹಾಕಿದಳು. ಅಲ್ಲಿಗೇ ಹೋಯಿತು. ಮೂರನೆಯ ಸಲ ಬೀಜವನ್ನು ಪುಡಿ ಮಾಡಿ ನೋಡಿದಳು. ಆಗಲೂ ಅಲ್ಲಿಗೇ.

ಕಚೇರಿಯ ಮುಖ್ಯಸ್ಥ ಪ್ಯೊ ಅವಳ ಹಿಂದೆ ನಿಂತು ಪರದೆ ನೋಡಿದ. ಅವನೂ ಬುಲ್ಲೆ ಅಜ್ಜಿಯ ಹತ್ತಿರವೇ ಬೀಜ ಕೊಳ್ಳುವವನು. ಸಂತೆಗೆ ಬರುವ ಅರ್ಧ ಜನ ಅವಳ ಹತ್ತಿರವೇ ಕೊಳ್ಳುತ್ತಾರೆ. ತೂಕ ಮುಗಿದ ಮೇಲೆ ಅವಳು ಒಂದು ಚಿಟಿಕೆ ಹೆಚ್ಚಿಗೆ ಹಾಕುತ್ತಾಳೆ, ಹಾಕಿದ್ದನ್ನು ಹೇಳುವುದಿಲ್ಲ.

"ಈ ಪೆಟ್ಟಿಗೆಗೆ ನೆಂಟರಿಷ್ಟರು ಇಲ್ಲ ನೋಡಿ, ಅದಕ್ಕೇ ಇಷ್ಟು ಧೈರ್ಯ" ಎಂದ ಪ್ಯೊ. ಆಮೇಲೆ, ದೊಡ್ಡ ಪ್ರಯೋಗಾಲಯಕ್ಕೆ ಕಳಿಸುವ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳಿ ಬರುವಂತೆ ಹೇಳಿದ. ನೂರಕ್ಕೆ ನಾಲ್ಕು ಸಲ ಪೆಟ್ಟಿಗೆ ತಪ್ಪು ಹೇಳುವುದುಂಟು ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಂತೆ ಐದು ದಿನಕ್ಕೊಮ್ಮೆ, ಹೊಳೆಯ ಪಕ್ಕದ ಬಯಲಿನಲ್ಲಿ. ಬುಲ್ಲೆಯ ಜಾಗ ಸೇತುವೆಯ ಎರಡನೆಯ ಕಂಬದ ಬುಡ. ಮೂವತ್ತನಾಲ್ಕು ವರ್ಷದಿಂದ ಅಲ್ಲೇ. ಮುಂದೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಸೊಕ್ಸಿಲ್ ಬೆಟ್ಟದ ಬೀಜ' ಎಂದು ಬರೆದಿಟ್ಟಿದ್ದಳು. ರಟ್ಟಿನ ಕೆಳಭಾಗವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆಗೆದ ಹಾಗಿತ್ತು.

ನಮ್ಹೀ ಕುಕ್ಕುರುಗಾಲಲ್ಲಿ ಕೂತು, ಪಕ್ಕದವರಿಗೆ ಕೇಳಿಸದ ಹಾಗೆ ವಿಷಯ ಹೇಳಿದಳು. ಬುಲ್ಲೆ ತಕ್ಕಡಿ ಕೆಳಗಿಟ್ಟಳು. ಕೋಪ ಮಾಡಿಕೊಳ್ಳಲಿಲ್ಲ. ಸುಳ್ಳು ಎಂದು ಗೊತ್ತಾದರೆ ಏನಾಗುತ್ತದೆ ಎಂದಷ್ಟೇ ಕೇಳಿದಳು. ನಮ್ಹೀ ಇದ್ದದ್ದನ್ನು ಹೇಳಿದಳು. ದಂಡ ಇರುತ್ತದೆ, ಅದು ಹೇಗೋ ಆಗುತ್ತದೆ. ಆದರೆ ಸುಳ್ಳು ಊರು ಬರೆದವರ ಹೆಸರನ್ನು ಸಂತೆಯ ಬಾಗಿಲಿನಲ್ಲಿ ಒಂದು ವರ್ಷ ತೂಗುಹಾಕುತ್ತಾರೆ. ದಂಡದ ಮಾತಿಗೆ ಅಲುಗದ ಅಜ್ಜಿಯ ಕಣ್ಣು ಬಾಗಿಲಿನ ಕಡೆ ತಿರುಗಿತು.

"ನಾನು ಮಾರಿದ ಬೀಜದಲ್ಲಿ ಹುಳ ಇದ್ದಿರಬಹುದು ಮಗಳೇ, ಒಂದೊಂದು ಸಲ ಮುಗ್ಗಲೂ ಇದ್ದಿರಬಹುದು. ಸುಳ್ಳು ಇರ್ಲಿಲ್ಲ" ಎಂದಳು.

ಎಷ್ಟು ಮೆಲ್ಲಗೆ ಮಾತಾಡಿದರೂ ಪಕ್ಕದ ಒಣಮೀನಿನವಳ ಕಿವಿಗೆ ಬಿದ್ದಿತ್ತು. "ಅಕ್ಕಾ, ಆ ಪೆಟ್ಟಿಗೆಗೆ ನನ್ನ ಮೀನು ಮಾತ್ರ ತೋರಿಸಬೇಡ ಅಂತ ಇವಳಿಗೆ ಹೇಳು. ಅದು ಯಾವ ಸಮುದ್ರದ್ದು ಅಂತ ನನ್ನ ಗಂಡನಿಗೂ ಗೊತ್ತಿಲ್ಲ" ಎಂದಳು. ಹಾಗೆ ಹೇಳುತ್ತಲೇ ತನ್ನ ಬುಟ್ಟಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಕೂತಳು. ದಾರಿಯಲ್ಲಿ ಹೋಗುವವರಿಗೆ ಬುಲ್ಲೆಯ ಮುಖ ಕಾಣದ ಹಾಗಾಯಿತು. ಬುಲ್ಲೆ ಅದನ್ನು ನೋಡಿದಳು, ನಮ್ಹೀಯೂ ನೋಡಿದಳು.

ಮಾರನೆಯ ದಿನ ಮಧ್ಯಾಹ್ನ ನಮ್ಹೀ ಅವರ ಮನೆಗೆ ಹೋದಳು. ಬುಲ್ಲೆಯ ಗಂಡ ದಲ್ಸು ಜಗುಲಿಯ ಮೇಲೆ ಕೂತು ಕಾಯಿ ಬಡಿಯುವ ಬಿದಿರಿನ ಗಳಕ್ಕೆ ಹಗ್ಗ ಸುತ್ತುತ್ತಿದ್ದ. ಎಪ್ಪತ್ತೆರಡು ವರ್ಷ. ಕಣಿವೆಯಲ್ಲಿ ಅವನಷ್ಟು ಎತ್ತರ ಹತ್ತಿದವರಿಲ್ಲ ಎಂದು ನಮ್ಹೀಯ ಅಪ್ಪನೇ ಹೇಳುತ್ತಿದ್ದ. ಅಪ್ಪನ ಹೆಸರು ಹೇಳಿದ ಕೂಡಲೇ ಅಜ್ಜ ನಕ್ಕು, ನಿನ್ನಪ್ಪ ಮರದ ಮೇಲೆ ಹಾಡುತ್ತಿದ್ದ, ಅಳಿಲುಗಳು ಅದಕ್ಕೆ ಹೆದರಿಯೇ ಕಾಯಿ ಬಿಟ್ಟು ಓಡುತ್ತಿದ್ದವು ಎಂದ.

ಬೀಜದ ಮಾತು ಬಂದಾಗ ಅವನು ಸುತ್ತುವುದನ್ನು ನಿಲ್ಲಿಸಲಿಲ್ಲ. "ನಿನ್ನ ಪೆಟ್ಟಿಗೆ ನನ್ನ ಬೆಟ್ಟದ ಬೀಜಾನ ಯಾವತ್ತಾದ್ರೂ ನೋಡಿದ್ಯಾ?" ಎಂದು ಕೇಳಿದ.

ನಮ್ಹೀ ತಡೆದಳು. ಅವಳ ಆರುನೂರರಲ್ಲಿ ಸೊಕ್ಸಿಲ್ ಬೆಟ್ಟದ ಮೇಲ್ಭಾಗದ್ದು ಒಂದೂ ಇರಲಿಲ್ಲ. ಅಲ್ಲಿಗೆ ರಸ್ತೆ ಇಲ್ಲ, ಈ ಮಗ್ಗುಲಿನಿಂದ ಅಲ್ಲಿ ಹತ್ತುವವನು ದಲ್ಸು ಒಬ್ಬನೇ. ಅವನು ಕೇಳಿದ್ದು ನ್ಯಾಯವಾಗಿತ್ತು. ಮರದಿಂದ ಕಣ್ಣೆದುರಿಗೇ ಇಳಿಸಿದ ಕಾಯಿ ಸಿಕ್ಕರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬಹುದು ಎಂದಳು. ಕಚೇರಿಗೆ ಮರ ಹತ್ತಿಕೊಡುವವನೊಬ್ಬ ಇದ್ದಾನೆ, ಹತ್ತು ದಿನ ಕಾದರೆ ಬರುತ್ತಾನೆ ಎಂದಳು.

"ಹತ್ತು ದಿನ ಅಂದ್ರೆ ಎರಡು ಸಂತೆ. ಎರಡು ಸಂತೆ ಇವಳು ಆ ಮೀನಿನವಳ ಬೆನ್ನ ಹಿಂದೆ ಕೂತಿರಬೇಕಾ? ನಾಳೆ ಬೆಳಿಗ್ಗೆ ಬಾ. ನಾನೇ ಇಳಿಸಿಕೊಡ್ತೀನಿ."

ನೆಲಕ್ಕೆ ಬಿದ್ದ ಕಾಯಿಯಾದರೂ ಸಾಕು ಎಂದಳು ನಮ್ಹೀ. ಬಿದ್ದದ್ದು ಅಳಿಲಿನ ಪಾಲು, ಈ ತಿಂಗಳಲ್ಲಿ ಅದರ ಸಿಪ್ಪೆ ಬಿಟ್ಟು ಬೇರೇನೂ ಸಿಕ್ಕುವುದಿಲ್ಲ ಎಂದ ಅವನು. ಹೇಳುತ್ತಾ ಗಳದ ತುದಿಯನ್ನು ತೋರಿಸಲು ಕೈ ಚಾಚಿದ. ಆಗ ನಮ್ಹೀಗೆ ಅವನ ಅಂಗೈ ಕಾಣಿಸಿತು. ಒರಟು ಅಂಗೈ, ಗಟ್ಟಿ ಗಂಟುಗಳು, ಆದರೆ ತೊಳೆದಿಟ್ಟ ತಟ್ಟೆಯ ಹಾಗೆ ಶುಭ್ರ. ಕಾಯಿ ಇಳಿಸುವ ಕಾಲ ಶುರುವಾಗಿ ಆರು ವಾರ ಕಳೆದಿತ್ತು.

ಅವಳು ತಲೆ ಎತ್ತಿದಾಗ ಬುಲ್ಲೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತನ್ನನ್ನೇ ನೋಡುತ್ತಿರುವುದು ಕಂಡಿತು. ಅಜ್ಜಿ ಒಳಗೆ ಹೋದಳು.

ಕಂಡದ್ದನ್ನು ಅಲ್ಲೇ ಆಡಬಹುದಿತ್ತು. ನಮ್ಹೀ ಆಡಲಿಲ್ಲ. ಅವಳ ಅಪ್ಪ ಕೊನೆಯ ಸಲ ಮರದಿಂದ ಇಳಿದಾಗ ಅವನಿಗೆ ಅರವತ್ತೊಂದು. ಇಳಿದವನು ಗಳವನ್ನು ಗೋಡೆಗೆ ಒರಗಿಸಿಟ್ಟು, ಅದನ್ನು ಯಾರೂ ಮುಟ್ಟಬಾರದು ಎಂದಿದ್ದ. ಸಾಯುವವರೆಗೂ ಪ್ರತಿವರ್ಷ ಅದರ ಹಗ್ಗ ಬದಲಿಸುತ್ತಿದ್ದ. ಮರ ಬಿಟ್ಟೆ ಎಂದು ಈ ಅಜ್ಜನ ಬಾಯಿಂದ ಹೇಳಿಸುವುದು ಹೇಗೆ? ನಾಳೆ ಮರದ ಬುಡದಲ್ಲಿ ಏನಾದರೊಂದು ನೆಪ ಹೇಳಿ ತಪ್ಪಿಸಿದರಾಯಿತು ಎಂದುಕೊಂಡು ಹೊರಟಳು.

ಬೆಳಿಗ್ಗೆ ಕಚೇರಿಯ ಕಾರಿನ ಹಿಂದಿನ ಸೀಟಿನಲ್ಲಿ ದಪ್ಪ ಹಗ್ಗದ ಒಂದು ಸುರುಳಿ, ಗಾಯದ ಔಷಧಿಯ ಪೆಟ್ಟಿಗೆ ಇದ್ದವು. ಪ್ಯೊ ಯಾವಾಗ ಇಟ್ಟನೋ, ಏನೂ ಹೇಳಿರಲಿಲ್ಲ.

ಸೊಕ್ಸಿಲ್ ಬೆಟ್ಟಕ್ಕೆ ಒಂದೂವರೆ ಗಂಟೆಯ ಏರು. ಬುಲ್ಲೆಯೂ ಬಂದಳು. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದಮೇಲೆ ಅವಳು ಬೆಟ್ಟಕ್ಕೆ ಬಂದದ್ದು ಇದೇ ಮೊದಲು. ಬೇಡ ಎಂದು ಗಂಡ ಎರಡು ಸಲ ಹೇಳಿದರೂ ಕೇಳದೆ, ಬೆನ್ನಿಗೆ ಬಟ್ಟೆಯ ಗಂಟು ಕಟ್ಟಿಕೊಂಡು, ಕೋಲೂರಿಕೊಂಡು ಹತ್ತಿದಳು. ದಲ್ಸು ಮುಂದೆ ಮುಂದೆ ಹೋಗುತ್ತಿದ್ದ. ತಿರುವು ಬಂದಾಗಲೆಲ್ಲ ನಿಂತು, ಮೋಡ ನೋಡುವವನ ಹಾಗೆ ಮುಖ ಮೇಲೆತ್ತಿಕೊಂಡು, ಅವಳ ಕೋಲಿನ ಸದ್ದು ಹತ್ತಿರ ಬರುವವರೆಗೆ ಕಾಯುತ್ತಿದ್ದ.

ಮರಗಳು ನೆಟ್ಟಗೆ ಬೆಳೆದಿದ್ದವು. ಹದಿನೈದಾಳು ಎತ್ತರದಲ್ಲಿ, ತೀರ ತುದಿಯಲ್ಲಿ ಮಾತ್ರ ಕಾಯಿ. ದಲ್ಸು ಒಂದು ಮರ ಆರಿಸಿ ಅದರ ಬೇರಿಗೆ ಅಕ್ಕಿ ಹೆಂಡ ಸುರಿದ. ಮೂರು ಸಲ ಬಗ್ಗಿ ಕೈಮುಗಿದ. ಆಮೇಲೆ ಕಲ್ಲಿನ ಮೇಲೆ ಕೂತು ಕಾಲಿಗೆ ಕಬ್ಬಿಣದ ಮುಳ್ಳುಗಳನ್ನು ಕಟ್ಟಿಕೊಳ್ಳತೊಡಗಿದ. ಮುಳ್ಳುಗಳ ಮೇಲೆ ಕೆಂಪು ತುಕ್ಕು ಹಿಡಿದಿತ್ತು.

ಬುಲ್ಲೆ ನಮ್ಹೀಯ ತೋಳು ಹಿಡಿದು ಹತ್ತು ಹೆಜ್ಜೆ ಆಚೆಗೆ ಕರೆದುಕೊಂಡು ಹೋದಳು.

"ಎರಡು ವರ್ಷದಿಂದ ಅವರ ಅಂಗೀಲಿ ಅಂಟಿಲ್ಲ" ಎಂದಳು, ಉಸಿರಿನಷ್ಟೇ ಸಣ್ಣ ದನಿಯಲ್ಲಿ. "ಒಗೆಯೋಳು ನಾನಲ್ವಾ. ಬೆಳಿಗ್ಗೆ ಎದ್ದು ಗಳ ಹೊತ್ಕೊಂಡು ಹೋಗ್ತಾರೆ, ಸಂಜೆ ಚೀಲ ತುಂಬಿಸ್ಕೊಂಡು ಬರ್ತಾರೆ. ಗುಡ್ಡದಾಚೆ ಹುಡುಗರ ಹತ್ರ ಕೊಂಡ್ಕೊಂಡು ತರ್ತಾರೆ ಅಂತ ನಾನೇ ಅಂದ್ಕೊಂಡೆ. ಅಲ್ಲೀದೂ ನಮ್ಮ ಬೆಟ್ಟದ್ದೇ ಆಚೆ ಮಗ್ಗುಲಿನ ಬೀಜ ತಾನೆ. ರಟ್ಟಿನ ಕೆಳಗೆ 'ನಮ್ಮ ಯಜಮಾನರು ಹತ್ತಿ ಇಳಿಸಿದ್ದು' ಅಂತ ಬರೆದಿದ್ದೆ. ಆ ಸಾಲು ಕತ್ತರಿಸಿ ಹಾಕ್ದೆ. ಅವರು ನೋಡಿದ್ರು, ಯಾಕೆ ಅಂತ ಕೇಳ್ಲಿಲ್ಲ." ಅವಳು ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಹೆಸರು ತೂಗುಹಾಕೋ ಹಾಗಿದ್ರೆ ಹಾಕು ಮಗಳೇ. ಅವರನ್ನ ಮಾತ್ರ ಹತ್ತೋಕೆ ಬಿಡಬೇಡ. ನಂಗೊತ್ತು ಅಂತ ಅವರಿಗೆ ಗೊತ್ತಾಗದ ಹಾಗೆ ಏನಾದ್ರೂ ಮಾಡು."

ನಮ್ಹೀ ತಿರುಗಿದಳು. ಗಾಳಿ ಜೋರಾಗಿದೆ, ಗಾಳಿ ಇದ್ದ ದಿನ ಮಾದರಿ ತೆಗೆಯುವ ಹಾಗಿಲ್ಲ ಎಂದು ಕೂಗಿ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ದಲ್ಸುವಿನ ಎರಡು ಕಾಲೂ ನೆಲ ಬಿಟ್ಟಿದ್ದವು.

ಅವಳು ಬಾಯಿ ಮುಚ್ಚಿದಳು. ಕಾಲು ನೆಲ ಬಿಟ್ಟವನನ್ನು ಕೆಳಗಿನಿಂದ ಮಾತಾಡಿಸಬಾರದು. ಈ ಕಣಿವೆಯಲ್ಲಿ ಮಕ್ಕಳಿಗೂ ಅದು ಗೊತ್ತು. ದನಿ ಕೇಳಿದರೆ ಕಣ್ಣು ಕೆಳಗೆ ಬರುತ್ತದೆ, ಕಣ್ಣಿನ ಹಿಂದೆ ಮೈ ಬರುತ್ತದೆ. ಅಪ್ಪ ಮೇಲಿದ್ದಾಗ ಅಮ್ಮ ಕೆಮ್ಮು ಬಂದರೂ ಬಾಯಿಗೆ ಬಟ್ಟೆ ಒತ್ತಿ ಕೂರುತ್ತಿದ್ದಳು.

ದಲ್ಸು ಎಡಗಾಲಿನ ಮುಳ್ಳನ್ನು ತೊಗಟೆಗೆ ಹೊಡೆದ, ಬಲಗಾಲಿನದನ್ನು ಹೊಡೆದ. ಮೈ ಆ ಲೆಕ್ಕ ಮರೆತಿರಲಿಲ್ಲ. ತೊಗಟೆಯ ಮೇಲೆ ಅವನದೇ ಹಳೆಯ ಗಾಯಗಳಿದ್ದವು, ರಾಳ ತುಂಬಿ ಹಳದಿಯಾಗಿ ಒಣಗಿದ್ದವು. ಒಂದಾಳು ಎತ್ತರ ಹೋದ, ಎರಡಾಳು ಎತ್ತರ ಹೋದ. ಅಲ್ಲಿ ನಿಂತುಬಿಟ್ಟ. ಕೆನ್ನೆಯನ್ನು ಮರಕ್ಕೆ ಒತ್ತಿಕೊಂಡಿದ್ದ. ಮೊದಲು ಮೊಣಕಾಲು, ಆಮೇಲೆ ಇಡೀ ಕಾಲು ನಡುಗತೊಡಗಿತು. ತೊಗಟೆಯ ಪುಡಿ ಸಣ್ಣಗೆ ಉದುರುತ್ತಿತ್ತು. ಅವನು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

ಬುಲ್ಲೆ ಕೋಲನ್ನು ಕೆಳಗಿಟ್ಟು ಮರದ ಹತ್ತಿರ ಹೋದಳು. ಬುಡದಲ್ಲಿ ನಿಂತು, ಹಿತ್ತಲಿನಿಂದ ಒಳಗೆ ಕರೆಯುವವಳ ಹಾಗೆ ಕರೆದಳು.

"ರೀ. ಇಳೀರಿ."

ಅವನು ಅಲುಗಲಿಲ್ಲ.

"ನೀವು ಹತ್ತಿ ಎರಡು ವರ್ಷ ಆಯ್ತು. ನಂಗೊತ್ತು. ಇಳೀರಿ ಈಗ." ಅವಳು ದನಿ ಏರಿಸದೆ ಮುಂದುವರಿಸಿದಳು. "ಬಲಗಾಲು ಕೀಳಿ. ಒಂದು ಗೇಣು ಕೆಳಗೆ ಗಂಟಿದೆ, ಅಲ್ಲಿಡಿ. ಹಾಂ. ಈಗ ಕೈ ಸಡಿಲ ಮಾಡಿ. ಎಡಗಾಲು. ಇನ್ನೂ ಕೆಳಗೆ. ನೋಡಬೇಡಿ, ನಾನು ನೋಡ್ತಿದೀನಿ."

ಅವಳು ಹೇಳುತ್ತಾ ಹೋದಳು, ಅವನು ಇಡುತ್ತಾ ಬಂದ. ಕೈಗೆ ಎಟುಕುವಷ್ಟು ಹತ್ತಿರವಾದಾಗ ಅವಳು ಅವನ ಹಿಮ್ಮಡಿ ಹಿಡಿದು ಕೊನೆಯ ಹೆಜ್ಜೆ ಇಡಿಸಿದಳು. ನೆಲ ಮುಟ್ಟಿದ ಮೇಲೂ ಅವನು ಸ್ವಲ್ಪ ಹೊತ್ತು ಮರವನ್ನು ಬಿಡಲಿಲ್ಲ. ಆಮೇಲೆ ಅವರಿಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತ.

ಬುಲ್ಲೆ ನಮ್ಹೀಯ ಕಡೆ ತಿರುಗಿದಳು. ಮುಖ ಹಗುರಾಗಿತ್ತು. ಗುಡ್ಡದಾಚೆಯ ಹುಡುಗರಿಂದ ಕೊಂಡದ್ದು ಎಂದು ಬರೆದುಕೋ, ಬೇಕಾದರೆ ಅವರ ಮರದಿಂದಲೇ ಕಾಯಿ ಇಳಿಸಿ ನೋಡು, ಬೀಜ ಇಲ್ಲಿಯದೇ ಎಂದು ನಿನ್ನ ಪೆಟ್ಟಿಗೆಗೂ ಗೊತ್ತಾಗುತ್ತದೆ ಎಂದಳು. ನಮ್ಹೀ ಚೀಲದಿಂದ ಹೇಳಿಕೆಯ ಕಾಗದ ತೆಗೆದಳು. ಪೆನ್ನು ತೆಗೆದಳು. ಬರೆಯಲಿಲ್ಲ. ಮೂರು ಸಲವೂ ಗೆರೆ ಎಲ್ಲಿಗೆ ಹೋಗಿ ಕೂತಿತ್ತು ಎಂಬುದು ಅವಳ ಕಣ್ಣ ಮುಂದಿತ್ತು.

"ಅಲ್ಲ" ಎಂದ ದಲ್ಸು, ತಿರುಗದೆ.

ಯಾವುದು ಅಲ್ಲ ಎಂದು ಬುಲ್ಲೆ ಕೇಳಿದಳು.

"ಗುಡ್ಡದಾಚೆ ಕೊಂಡಿದ್ರೆ ಅವತ್ತು ಸಂಜೆಗೇ ಕಣಿವೆಗೆಲ್ಲ ಗೊತ್ತಾಗ್ತಿತ್ತು, ದಲ್ಸು ಮರ ಬಿಟ್ಟ ಅಂತ." ಅವನು ನಿಲ್ಲಿಸಿ ಉಸಿರು ತೆಗೆದುಕೊಂಡ. "ಬಸ್ಸು ಹಿಡಿದು ಬಂದರಿನ ಸಗಟು ಪೇಟೆಗೆ ಹೋದೆ. ಅಲ್ಲಿ ನಾನ್ಯಾರು ಅಂತ ಯಾರಿಗೂ ಗೊತ್ತಿಲ್ಲ. ಚಿಪ್ಪು ಒಡೀದೇ ಇರೋ ಬೀಜ, ಹಡಗಲ್ಲಿ ಬಂದಿದ್ದು. ಹೋದ ವರ್ಷಾನೂ ಅದೇ, ಈ ವರ್ಷಾನೂ ಅದೇ. ಮೂಟೇನ ಕಾಡಂಚಿನ ಕೊಟ್ಟಿಗೇಲಿ ಇಟ್ಟು ದಿನಾ ಒಂದೊಂದು ಚೀಲ ಹೊತ್ಕೊಂಡು ಬರ್ತಿದ್ದೆ."

ಗಾಳಿ ನಿಜವಾಗಿಯೂ ಎದ್ದಿತ್ತು. ಮೇಲೆಲ್ಲೋ ಒಂದು ಕಾಯಿ ಕಳಚಿ, ಕೊಂಬೆಯಿಂದ ಕೊಂಬೆಗೆ ಬಡಿಯುತ್ತಾ ದೂರದಲ್ಲಿ ಬಿತ್ತು. ಯಾರೂ ಆ ಕಡೆ ನೋಡಲಿಲ್ಲ.

"ಎರಡು ವರ್ಷ ಸುಳ್ಳು ಮಾರಿದೆ ನಾನು" ಎಂದಳು ಬುಲ್ಲೆ. ಅದು ಗಂಡನಿಗೆ ಹೇಳಿದ್ದೂ ಅಲ್ಲ, ನಮ್ಹೀಗೆ ಹೇಳಿದ್ದೂ ಅಲ್ಲ.

ನಮ್ಹೀ ಬರೆಯುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು. ಯಾವ ತಿಂಗಳು, ಎಷ್ಟು ಮೂಟೆ, ಎಷ್ಟು ಉಳಿದಿದೆ. ಯಾಕೆ ಎಂಬ ಕಡೆಗೆ ಬಂದಾಗ ಒಂದು ಕ್ಷಣ ಯೋಚಿಸಿ, 'ವಯಸ್ಸಿನ ಕಾರಣದಿಂದ ಸ್ವಂತ ಕಾಯಿ ಸಾಲದೆ' ಎಂದು ಬರೆದಳು. ಅದು ಸುಳ್ಳಾಗಿರಲಿಲ್ಲ. ಬರೆದದ್ದನ್ನು ಮೆಲ್ಲಗೆ ಓದಿ ಹೇಳಿದಳು. ದಲ್ಸು ಎದ್ದು ಬಂದು ಸಹಿ ಹಾಕಿ, ಮತ್ತೆ ಹೋಗಿ ಅದೇ ಕಲ್ಲಿನ ಮೇಲೆ ಕೂತ. ಅಂಗಡಿ ಬುಲ್ಲೆಯ ಹೆಸರಿನಲ್ಲಿ ಇದ್ದುದರಿಂದ ಅವಳ ಸಹಿಯೂ ಬೇಕಿತ್ತು. ದಲ್ಸು ಬೆನ್ನು ತಿರುಗಿಸಿಕೊಂಡೇ, ತಪ್ಪನ್ನು ತನ್ನೊಬ್ಬನ ಹೆಸರಿಗೆ ಬರೆದುಕೊಳ್ಳಲು ಆಗುವುದಿಲ್ಲವೇ ಎಂದು ಕೇಳಿದ. ಆಗುವುದಿಲ್ಲ ಎಂದಳು ನಮ್ಹೀ.

ಬುಲ್ಲೆ ಪೆನ್ನು ಹಿಡಿದು ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಯಾವಾಗಿನಿಂದ ತೂಗುಹಾಕುತ್ತಾರೆ ಎಂದು ಕೇಳಿದಳು. ದೊಡ್ಡ ಪ್ರಯೋಗಾಲಯದ ಕಾಗದ ಬರಲು ಮೂರು ವಾರ ಬೇಕು, ಅದಾದ ಮೇಲಿನ ಸಂತೆಯಿಂದ ಎಂದಳು ನಮ್ಹೀ. ಅಷ್ಟರವರೆಗೆ ರಟ್ಟು ಇಡಬಹುದೇ ಎಂದು ಅಜ್ಜಿ ಕೇಳಲಿಲ್ಲ. ಮನೆಯಲ್ಲಿ ಉಳಿದ ಬೀಜವನ್ನೆಲ್ಲ ಇವತ್ತೇ ಬಂದು ತೂಕ ಮಾಡಿ ಮುದ್ರೆ ಹಾಕಿ ಹೋಗು, ಆರಿಸಿ ಇಟ್ಟ ಎರಡು ಡಬ್ಬಿಯೂ ಅಟ್ಟದ ಮೇಲಿವೆ ಎಂದಳು.

ನಮ್ಹೀ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿದಳು.

ದಲ್ಸು ಕಾಲಿನ ಮುಳ್ಳುಗಳನ್ನು ಬಿಚ್ಚಲು ನೋಡುತ್ತಿದ್ದ. ಹಗ್ಗದ ಗಂಟು ಬಿಗಿದುಹೋಗಿತ್ತು. ಉಗುರು ಜಾರಿ ಜಾರಿ ಹೋಗುತ್ತಿತ್ತು. ಬುಲ್ಲೆ ಅದನ್ನು ನೋಡುತ್ತಾ ನಿಂತಿದ್ದಳು. ಅವಳ ತುಟಿ ಬಿಗಿದೇ ಇತ್ತು. ಹೊತ್ತು ನೆತ್ತಿಗೆ ಬಂದಿತ್ತು.

ಅವಳು ಬೆನ್ನಿನ ಗಂಟನ್ನು ಇಳಿಸಿ ನೆಲದ ಮೇಲೆ ಬಿಚ್ಚಿದಳು. ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ಬಾರ್ಲಿ ಬೆರೆಸಿದ ಅನ್ನ, ಎಣ್ಣೆಯಲ್ಲಿ ಬಾಡಿಸಿದ ಸಣ್ಣ ಮೀನು, ಹುಳಿ ಬರಿಸಿದ ಮೂಲಂಗಿ ಕಿಮ್ಚಿ. ಒಂದು ಮೀನು ಅಂಚಿನಿಂದ ಹೊರಗೆ ಜಾರಿತ್ತು, ಅದನ್ನು ಎತ್ತಿ ಅನ್ನದ ಮೇಲಿಟ್ಟಳು. ಚಮಚವನ್ನು ಅಂಗಿಯ ತುದಿಯಲ್ಲಿ ಒರೆಸಿದಳು. ಮೊಣಕಾಲನ್ನು ಒಂದು ಕೈಯಿಂದ ಒತ್ತಿ ಹಿಡಿದು ಎದ್ದು, ಕಲ್ಲಿನ ಆ ಬದಿಗೆ ಸುತ್ತಿ ಹೋಗಿ, ಗಂಡನ ಮುಖ ನೋಡದೆ, ಡಬ್ಬಿಯನ್ನು ಅವನ ಎರಡೂ ಕೈಗಳ ನಡುವೆ ಇಟ್ಟಳು.